ದೋಣಿಯಿಂದ ಧುಮುಕಿದವಳು

ಬಿಳಿ ಪರದೆಯ ಮೇಲೆ ಒಂದು ದವಡೆ ಮೂಡಿದೆ, ಎಡಗಡೆ ಒಂದು ಹಲ್ಲಿಲ್ಲ, ನನಗೂ ಅಲ್ಲೇ ಇಲ್ಲ, ನಾಲಿಗೆ ತನ್ನಷ್ಟಕ್ಕೆ ಹೋಗಿ ಆ ಸಂದನ್ನು ಸವರಿ ಬರುತ್ತದೆ — ಹಲ್ಲುನೋವಿಗೆ ಏನು ಮಾಡಿಕೊಳ್ಳುತ್ತಿದ್ದಳೋ ಪಾಪ, ಲವಂಗವೇ ಕಾಣದ ಕಾಲ — ಇವಳು ನಾಲ್ಕು ಸಾವಿರ ವರ್ಷದ ಹಿಂದಿನ ಹೆಂಗಸು, ನಿಮ್ಮ ಮರಳು ದಿಬ್ಬದಲ್ಲೇ ಸಿಕ್ಕಿದ್ದು, ಕಿವಿ ಹತ್ರದ ಗಟ್ಟಿ ಮೂಳೆ ಕೊರೆದು ಪುಡಿ ತೆಗೆದ್ವಿ, ಡಿಎನ್‌ಎ ಅಲ್ಲಿ ಚೆನ್ನಾಗಿ ಉಳಿಯುತ್ತೆ, ಎನ್ನುತ್ತಿದ್ದಾಳೆ ಎಡಿನ್‌ಬರೋದಿಂದ ಬಂದ ಡಾಕ್ಟರ್ ಮೋರ್ವೆನ್, ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ. ಕಿವಿಯಲ್ಲಂತೆ! ಹಾಗಾದರೆ ಅವಳ ಅತ್ತೆ ಬೈದದ್ದೂ ಅಲ್ಲೇ ಎಲ್ಲೋ ಉಳಿದಿರಬೇಕು, ನನಗಂತೂ ನಮ್ಮತ್ತೆಯದು ಒಂದಕ್ಷರ ಅಳಿದಿಲ್ಲ, ಮೊದಲ ದಿನ ನಾನು ಬಾರ್ಲಿ ರೊಟ್ಟಿ ಸುಟ್ಟಾಗ ಎತ್ತಿ ಹಿಡಿದು, ಇದೇನು ರೊಟ್ಟಿನೋ ದೋಣಿಗೆ ತೇಪೆ ಹಾಕೋ ಹಲಗೆನೋ ಎಂದಿದ್ದಳು ಪುಣ್ಯಾತ್ಗಿತ್ತಿ. ಅಡುಗೆಕೋಣೆಯಲ್ಲಿ ನೀರು ಕುದಿಯುವ ಸದ್ದು, ಚಹಾದ ಉಸ್ತುವಾರಿ ಎಂದಿನಂತೆ ನನ್ನದೇ, ಇನ್ನೂ ಸ್ವಲ್ಪ ಕುದಿಯಲಿ, ಒದ್ದೆ ಉಣ್ಣೆಯ ವಾಸನೆ ತುಂಬಿದ ಈ ಸಭಾಂಗಣದಲ್ಲಿ ಇಡೀ ದ್ವೀಪವೇ ಕೂತಿದೆ, ನನ್ನ ಪಕ್ಕ ನಾದಿನಿ ಇಂಗಾ, ಬೆನ್ನು ನೆಟ್ಟಗೆ. ಮೊನ್ನೆ ಅವಳು ಕೇಳಿದ್ದಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ನಾಳೆಯ ಫೆರಿಗೆ ಗೋರಿಕಲ್ಲು ಕೆತ್ತುವವನು ಬರುತ್ತಾನೆ, ನನ್ನ ಗಂಡ ಎರ್ಲೆಂಡ್‌ನ ಹೆಸರಿನ ಕೆಳಗೆ ಯಾರ ಹೆಸರಿಗೆ ಜಾಗ ಬಿಡಲಿ ಅಂತ ಕೇಳಿದ್ದಾನೆ, ಎರ್ಲೆಂಡ್‌ಗೂ ಸ್ಮಶಾನದ ಗೋಡೆಗೂ ನಡುವೆ ಉಳಿದಿರುವುದು ಒಂದೇ ಗುಂಡಿಯ ಜಾಗ, ಅದನ್ನ ನಂಗೆ ಬಿಟ್ಕೊಡು ಎಲ್ಸ್‌ಪೆತ್, ಎಂದಿದ್ದಳು ಇಂಗಾ, ನಾನು ಡ್ರೆವರ್ ಮನೆತನದಲ್ಲೇ ಹುಟ್ಟಿದೋಳು, ನಂಗೆ ಗಂಡನಾ ಮಕ್ಕಳಾ, ಅಪ್ಪ ಅಮ್ಮ ಅಣ್ಣ ಎಲ್ಲಾ ಅಲ್ಲೇ ಇದಾರೆ, ನಿಂಗಾದ್ರೆ ನಿಮ್ಮೂರಲ್ಲಿ ನಿಮ್ಮೋರಿದಾರಲ್ಲ. ನಮ್ಮೂರಂತೆ! ಬಕೀ ಊರಿನ ನಮ್ಮ ತವರುಮನೆ ಮಾರಿ ಯಾವ ಕಾಲವಾಯಿತು, ಅಲ್ಲಿ ಈಗ ಯಾರೋ ಮೀನು ಕರಿದು ಮಾರುತ್ತಾರೆ, ಅವರ ಬಾಣಲೆ ಪಕ್ಕ ಹೋಗಿ ಮಲಗಲೇ ನಾನು?

ಹೊರಗಿನಿಂದ ಬಂದವರಿಗೆ ಇಲ್ಲಿ ಒಂದು ಹೆಸರಿದೆ, ಫೆರಿಲೂಪರ್, ದೋಣಿಯಿಂದ ಧುಮುಕಿದವರು, ಅರ್ಧ ಶತಮಾನ ಬಾಳಿದರೂ ಆ ಹೆಸರು ಮೈ ಬಿಡುವುದಿಲ್ಲ, ನಾನಂತೂ ನಿಜವಾಗಿಯೂ ಧುಮುಕಿದವಳೇ, ಮದುವೆಯಾಗಿ ಬಂದ ದಿನ ಅಲೆ ಜೋರಿತ್ತು, ಫೆರಿ ಕಟ್ಟೆಗೆ ತಾಗದೆ ಓಲಾಡುತ್ತಿತ್ತು, ನಡುವೆ ಕಪ್ಪು ನೀರು, ನನ್ನ ಒಂದು ಕಾಲು ಗಾಳಿಯಲ್ಲಿ, ಎದುರಿಗೆ ಚಾಚಿದ ಒಂದು ಕೈ, ಕೆಂಪು ಉಣ್ಣೆಯ ಕೈಗವಸು — ಎರ್ಲೆಂಡ್ ಹಿಡಿದುಕೊಂಡ, ನಾನು ಬೀಳಲಿಲ್ಲ. ಈಗಲೂ ನಿದ್ದೆ ಹತ್ತುವಾಗ ಆ ಕಾಲು ಒಮ್ಮೆ ಜುಮ್ಮೆನ್ನುತ್ತದೆ. ಕಳೆದ ಸುಗ್ಗಿಯ ಹೊತ್ತಿಗೆ ಇದೇ ಮೋರ್ವೆನ್ ಇಲ್ಲಿಯೇ ಮೇಜು ಹಾಕಿ ಕೂತು ಡಿಎನ್‌ಎ ನೋಡಲು ಎಲ್ಲರ ಎಂಜಲು ಕೇಳಿದಳು, ಬ್ರಿಟನ್ನಿನ ಜನ ಮೂಲದಲ್ಲಿ ಎಲ್ಲಿಂದ ಬಂದರು ಅಂತ ಹುಡುಕುತ್ತಾರಂತೆ, ಆದರೆ ಅಜ್ಜ ಅಜ್ಜಿಯರು ನಾಲ್ವರೂ ಇಲ್ಲೇ ಹುಟ್ಟಿರಬೇಕು, ಹಾಗಿದ್ದರೆ ಮಾತ್ರ. ಎರ್ಲೆಂಡ್ ಆಗಿನ್ನೂ ಇದ್ದ, ಹಿಮ ಬಿದ್ದರೂ ಕೈಗವಸು ಹಾಕದ ಗಂಡಸು, ಆ ಒರಟು ಬರಿಗೈಯಲ್ಲಿ ಪುಟ್ಟ ಕೊಳವೆ ಹಿಡಿದು ಗುಬ್ಬಚ್ಚಿ ಮರಿ ಹಿಡಿದ ಹಾಗೆ ನಿಂತಿದ್ದ, ಇಂಗಾಳ ಬಾಯಿ ಒಣಗಿ ಒಂದು ಹನಿಯೂ ಬರಲಿಲ್ಲ, ನಿಂಬೆಹಣ್ಣು ನೆನೆಸ್ಕೊಳೇ ಅಂತ ನಾನೇ ಹೇಳಿಕೊಟ್ಟೆ, ನಿಂಗ್ಯಾಕೆ ಇದೆಲ್ಲಾ, ನೀನು ಚಹಾ ನೋಡ್ಕೋ ಎಂದಳು. ಸರಿಯೇ, ನನ್ನ ಎಂಜಲಿಗೂ ಈ ಊರಲ್ಲಿ ಬೆಲೆಯಿಲ್ಲ. ಆ ರಾತ್ರಿ ಎರ್ಲೆಂಡ್‌ನ ಹತ್ತಿರ ಅತ್ತುಬಿಟ್ಟೆ, ಅವನು ನಕ್ಕ, ಅಯ್ಯೋ ಮಾರಾಯ್ತಿ, ಉಗುಳೋಕೆ ಬಿಡಲಿಲ್ಲ ಅಂತ ಅಳೋರುಂಟಾ. ಕುರಿ ಮರಿ ಹಾಕುವ ಕಾಲಕ್ಕೆ ಅವನೇ ಇರಲಿಲ್ಲ.

ಮೋರ್ವೆನ್ ಈಗ ನಕ್ಷೆ ಹಾಕಿದ್ದಾಳೆ, ಅಲ್ಲಿಂದ ಇಲ್ಲಿಗೆ ಬಾಣದ ಗುರುತುಗಳು, ಯೂರೋಪಿನಿಂದ ಹೊಸ ಜನ ಬಂದರು, ಬ್ರಿಟನ್ ಉದ್ದಕ್ಕೂ ದೊಡ್ಡ ದೊಡ್ಡ ಕಲ್ಲುಗಂಬ ನಿಲ್ಲಿಸಿದ ಹಳಬರ ವಂಶ ಹೆಚ್ಚುಕಡಿಮೆ ಅಳಿಸಿಹೋಯ್ತು, ಆದ್ರೆ ನಿಮ್ಮ ದ್ವೀಪದ ಕಥೆ ಉಲ್ಟಾ, ಗಂಡಸರ ಸಾಲು ಹಳೇದೇ ಉಳ್ಕೊಂಡಿದೆ, ಹೊರಗಿಂದ ಬಂದಿದ್ದು ಹೆಚ್ಚಾಗಿ ಹೆಂಗಸರು, ದೋಣೀಲಿ, ತಲೆಮಾರಿಂದ ತಲೆಮಾರಿಗೆ, ಬಂದು ಇಲ್ಲಿನೋರನ್ನ ಮದ್ವೆ ಆದ್ರು. ಏನು, ಏನಂದಳು? ಹೆಂಗಸರೇ? ಕುದಿಯುವ ನೀರು ಕುದಿಯಲಿ, ನಾನು ಏಳುವುದಿಲ್ಲ. ಈ ಒಂದು ಹಲ್ಲಿಲ್ಲದವಳು ದೋಣಿಯಲ್ಲಿ ಬಂದಳೇ, ವಾಂತಿ ಮಾಡಿಕೊಂಡಳೇ ನನ್ನ ಹಾಗೆ, ಮಡಿಲಲ್ಲಿ ಏನಿತ್ತು, ಬೀಜವೋ, ಕರುವಿನ ಹಗ್ಗವೋ, ತಾಯಿ ಕೊಟ್ಟ ಗಡಿಗೆಯೋ, ಇಲ್ಲಿನವರ ಮಾತು ಅವಳಿಗೆ ತಿಳಿಯುತ್ತಿತ್ತೇ, ನೀರಿಗೆ ಏನನ್ನುತ್ತಾರೆ ಅಂತ ಯಾರನ್ನು ಕೇಳಿದಳು, ಅವಳ ರೊಟ್ಟಿಗೆ ಏನಂದರು — ಕೇಳಬೇಕೆನ್ನಿಸುತ್ತದೆ, ಈ ಹುಡುಗಿಯನ್ನಲ್ಲ, ಅವಳನ್ನೇ, ಆ ದವಡೆಯನ್ನೇ. ಎಲ್ಲಿ ಹೂಳಿದ್ರು ಇವಳನ್ನ? ಅಯ್ಯೋ, ಗಟ್ಟಿಯಾಗಿಯೇ ಕೇಳಿಬಿಟ್ಟೆನಲ್ಲ, ಎಲ್ಲರೂ ತಿರುಗಿದರು, ಮೋರ್ವೆನ್ ಹೇಳುತ್ತಾಳೆ, ಮನೆಯೋರ ಜೊತೇಲೇ ಅಮ್ಮಾ, ಒಂದೇ ಗುಂಡಿ, ಮತ್ತೆ ಮತ್ತೆ ತೆಗೆದು ಒಬ್ಬರ ಪಕ್ಕ ಒಬ್ಬರನ್ನ ಇಟ್ಟಿದಾರೆ. ಪಕ್ಕದಲ್ಲಿ ಇಂಗಾ ಎದ್ದು ನಿಂತಳು, ಅದೆಲ್ಲಾ ಇರ್ಲಿ ಡಾಕ್ಟ್ರೇ, ನಂದೇನಾಯ್ತು ಹೇಳಿ, ಎಲ್ಲರ ಎದುರಿಗೇ ಹೇಳಿ, ನಂದೇನು ಗುಟ್ಟಿಲ್ಲ. ಮೋರ್ವೆನ್ ಪರದೆಯ ಕಡೆ ಕೈ ತೋರಿಸಿದಳು, ನಿಮ್ಮ ತಾಯಿ, ತಾಯಿಯ ತಾಯಿ, ಹಾಗೇ ಹಿಂದಕ್ಕೆ ಹೋದ್ರೆ ನೀವು ಇವಳ ಸಾಲಿಗೇ ಸೇರ್ತೀರಿ, ಆ ದೋಣಿಗಳಲ್ಲಿ ಬಂದೋರ ಪೈಕಿ. ಏಡಿ ಹಿಡಿಯುವ ಡೇವಿ ಹಾರ್ಕಸ್ ಹಿಂದಿನ ಸಾಲಿನಿಂದ ಕೂಗಿದ, ಓಹೋ ಇಂಗಾ, ನೀನೂ ಧುಮುಕಿದೋಳೇ ಹಾಗಾದ್ರೆ! ಇಡೀ ಸಭಾಂಗಣ ಗೊಳ್ಳೆಂದಿತು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ, ಹಾಲು ಕುಡಿದಷ್ಟು ಖುಷಿಯಾಯಿತು. ಇಂಗಾ ಮಾತ್ರ ಕೂರಲಿಲ್ಲ, ಆ ದವಡೆಯನ್ನೇ ನೋಡುತ್ತ ನಿಂತಳು. ನಾಲ್ಕು ಸಾವಿರ ವರ್ಷ ಆದ್ಮೇಲಾದ್ರೂ ಊರಿನೋಳು ಅನ್ಕೋಬಹುದೋ ಇಲ್ವೋ, ಎಂದು ಡೇವಿಯನ್ನು ಗದರಿದಳು, ಧ್ವನಿಯಲ್ಲಿ ಎಂದಿನ ಖಾರವಿರಲಿಲ್ಲ.

ಚಹಾ ಕೊಟ್ಟಾಯಿತು, ಬಟ್ಟಲು ತೊಳೆದಾಯಿತು, ಇಂಗಾ ಹೋಗಿಲ್ಲ, ಬಾಗಿಲಲ್ಲಿ ಕೋಟು ತೊಟ್ಟು ಕಾಯುತ್ತಿದ್ದಾಳೆ, ಉತ್ತರ ಕೇಳುತ್ತಾಳೆ ಈಗ, ಕೊಡಲಾರೆ ಎನ್ನಬೇಕು, ಅವನ ಪಕ್ಕದ ಜಾಗ ನನ್ನದು ಎನ್ನಬೇಕು, ದೀಪ ಆರಿಸಿ ಬಾಗಿಲು ಎಳೆದುಕೊಂಡೆ. ಹೊರಗೆ ಗಾಳಿ, ಮೆಟ್ಟಿಲೆಲ್ಲ ಒದ್ದೆ, ಅವಳೇ ಶುರುಮಾಡಿದಳು, ಕಲ್ಲಿನೋನಿಗೆ ಹೇಳ್ತೀನಿ, ಇಬ್ಬರ ಹೆಸರಿಗೂ ಜಾಗ ಬಿಡು ಅಂತ, ಗುಂಡಿ ಆಳಕ್ಕೆ ತೋಡಿದ್ರೆ ಒಬ್ಬರ ಮೇಲೊಬ್ಬರು ಹಿಡಿಸ್ತೀವಿ. ಕೆಳಗ್ಯಾರು ಮೇಲ್ಯಾರು, ಎಂದೆ ನಾನು. ಮೊದ್ಲು ಹೋದೋರು ಕೆಳಗೆ, ಅದರಲ್ಲೂ ಜಗಳ ಆಡ್ತೀಯಾ ನೀನು? ನಗು ಬಂತು, ಕಣ್ಣೀರೂ ಬಂತು. ಅವಳು ಒಂದು ಮೆಟ್ಟಿಲು ಮೊದಲೇ ಇಳಿದು ತಿರುಗಿ ನನ್ನ ಕಡೆ ಕೈ ಚಾಚಿದಳು, ಎಲ್ಸ್‌ಪೆತ್, ಅವತ್ತು ಫೆರಿಯಿಂದ ಹಾರುವಾಗ ನಿಂಗೆ ತುಂಬಾ ಹೆದ್ರಿಕೆ ಆಗಿತ್ತಾ, ಎಂದಳು — ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ ಇದನ್ನು — ಹೂಂ, ಎರ್ಲೆಂಡ್ ಹಿಡ್ಕೊಂಡ್ನಲ್ಲ, ಎನ್ನಲು ಹೋದೆ, ಅಲ್ಲ, ತಾಳು, ಎರ್ಲೆಂಡ್ ಕಟ್ಟೆಯ ಮೇಲಿರಲಿಲ್ಲ, ನನ್ನ ಬೆನ್ನ ಹಿಂದಿದ್ದ, ಫೆರಿಯಲ್ಲಿ, ನನ್ನ ಟ್ರಂಕು ಹೆಗಲ ಮೇಲೆ, ಹಾರೇ ಹಾರೇ ಎನ್ನುತ್ತಿದ್ದ, ಅವನು ಜನ್ಮದಲ್ಲಿ ಕೈಗವಸು ಹಾಕಿದವನಲ್ಲ — ಕಟ್ಟೆಯ ಮೇಲೆ ಹದಿನೆಂಟರ ಹುಡುಗಿಯೊಬ್ಬಳು, ಎರ್ಲೆಂಡ್‌ನ ತಂಗಿ, ಗಾಳಿಗೆ ಕೂದಲು ಮುಖಕ್ಕೆ ಬಡಿಯುತ್ತಿದೆ, ಕಪ್ಪು ನೀರು, ನನ್ನ ಕಾಲು ಗಾಳಿಯಲ್ಲಿ, ಅವಳ ಕೈ, ಕೆಂಪು ಕೈಗವಸು, ಕೆಂಪು ಕೈಗವಸು