ಹೊಕ್ಕುಳ ಮರ

“ಗರಗಸ ಕೆಳಗಿಡ್ರೋ! ದಮ್ಮಯ್ಯ, ಕೆಳಗಿಡ್ರೋ!”

ತಾಬ್ಲೆ ಗುಡ್ಡದ ದಾರಿಯಲ್ಲಿ ಬಿದ್ದೆನೋ ಕೆಟ್ಟೆನೋ ಎಂದು ಓಡುತ್ತಿದ್ದ. ಮುಂಜಾನೆಯಷ್ಟೇ ಮಗಳ ಹೊಕ್ಕುಳಬಳ್ಳಿಯನ್ನು ಬಿದಿರ ಕೊಳವೆಯಲ್ಲಿಟ್ಟು ಗುಡ್ಡದ ಮರವೊಂದಕ್ಕೆ ಕಟ್ಟಿ ಬಂದಿದ್ದ. ಕಟ್ಟಿದ ಮೇಲೆ ಗುಡ್ಡಗಾಡಿನ ಕರೆನ್ ಜನರ ನಂಬಿಕೆಯಲ್ಲಿ ಮಗುವಿನ ಜೀವ ಆ ಮರದಲ್ಲೇ. ಈಗ ನೋಡಿದರೆ ಅದರ ಬುಡದಲ್ಲಿ ನಾಲ್ಕು ಜನ, ಕೊಳವೆ ಕಟ್ಟಿದ್ದರ ಆಚೆ ಮಗ್ಗುಲಲ್ಲಿ ಕೆಂಪು ಬಣ್ಣದ ಗುರುತು.

ಶಾಲೆಯ ತೊಲೆಗೆಂದು ಊರಿನ ಕಾಡುಸಮಿತಿ ಆರಿಸಿದ ಮರ ಅದು. ಸಭೆಯ ದಿನವೇ ಹೆಂಡತಿಗೆ ಹೆರಿಗೆ ನೋವು ಬಂದು ತಾಬ್ಲೆ ಹೋಗಿರಲಿಲ್ಲ. ಮಬ್ಬಿನಲ್ಲಿ ಬಣ್ಣವೂ ಕಂಡಿರಲಿಲ್ಲ.

ಆ ಬಣ್ಣವೆಂದರೆ ಅವನಿಗೆ ಭಯ. ಕಾಡು ಸರ್ಕಾರದ್ದಾಗಿದ್ದಾಗ ಅವನ ಸ್ವಂತ ಹೊಕ್ಕುಳ ಮರಕ್ಕೂ ಹೀಗೇ ಬಳಿದಿದ್ದರು. ಅಪ್ಪ ಕಚೇರಿಗೆ ಮೂರು ಸಲ ಅಲೆಯುವಷ್ಟರಲ್ಲಿ ಮರ ಲಾರಿ ಹತ್ತಿತ್ತು. ಅವ್ವ ಸಾಯುವತನಕ ಮಗನ ಒಂದೊಂದು ಜ್ವರಕ್ಕೂ ಆ ಲಾರಿಯನ್ನೇ ಬೈದಳು.

ಸಮಿತಿಯ ಅಧ್ಯಕ್ಷೆ ಮುಯೆ ಕೊಳವೆಯನ್ನೇ ದಿಟ್ಟಿಸುತ್ತಿದ್ದಳು. “ಯಾರದ್ದೋ ಇದು?”

“ನನ್ ಮಗಳದ್ದು, ಅತ್ತೆ. ಯಾರನ್ನ ಕೇಳ್ಬೇಕು ಹೇಳು. ಈಗ್ಲೇ ಚಿಯಾಂಗ್‌ಮಾಯ್ ಕಾಡು ಕಚೇರಿಗೆ ಬಸ್ ಹಿಡೀತೀನಿ.”

“ಬಸ್ ಯಾಕೋ? ಕಾಡು ನಮ್ ಕೈಗೆ ಬಂದು ಎರಡು ವರ್ಷ ಆಯ್ತು. ಸಮಿತೀಲಿ ಇರೋರು ಐದು ಜನ. ನಾಲ್ಕು ಜನ ಇಲ್ಲಿದೀವಿ, ಐದನೆಯೋನು ನೀನೇ ಅಲ್ವೇನೋ!”

ತಾಬ್ಲೆ ನಾಲ್ವರನ್ನೂ ಬೆರಳಲ್ಲಿ ಎಣಿಸಿ, ಕೊನೆಗೆ ತನ್ನ ಎದೆ ಮುಟ್ಟಿಕೊಂಡ. ಉಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಹಳ್ಳದಾಚೆ ಇನ್ನೊಂದು ಮರ ಐತೆ,” ಎಂದ ಬೋಳುತಲೆಯ ಪೊಶ್ವೆ. “ಹೊತ್ತು ತರೋಕೆ ಬೆನ್ನು ಮುರಿಯುತ್ತೆ. ಮುಂದಿನ ತುದಿ ಇವನೇ ಹಿಡೀಲಿ.”

“ಹಿಡೀತೀನಿ! ಎರಡೂ ತುದಿ ಹಿಡೀತೀನಿ!”

“ನಾಳೆ,” ಎಂದಳು ಮುಯೆ. “ಹೊಕ್ಕುಳ ಕಟ್ಟಿದ ದಿನ ಊರಲ್ಲಿ ಯಾರೂ ಕೆಲಸ ಮುಟ್ಟೋ ಹಾಗಿಲ್ಲ. ಮೊದ್ಲೇ ಹೇಳೋಕೆ ನಿಂಗೇನಾಗಿತ್ತು?”

“ಕದ್ದು ಕಟ್ಟೋದೇ ಅಭ್ಯಾಸ ಆಗ್ಬಿಟ್ಟಿದೆ, ಅತ್ತೆ.”

ಈ ಸಲ ಯಾರೂ ನಗಲಿಲ್ಲ. ಕಾಡು ಸರ್ಕಾರದ್ದಾಗಿದ್ದಾಗ ಅವರೆಲ್ಲರ ಮಕ್ಕಳದ್ದೂ ಕದ್ದು ಕಟ್ಟಿದ್ದೇ. ತಾಬ್ಲೆಗೆ ಅಳು ಒತ್ತರಿಸಿ ಬಂತು, ಸಂತೋಷಕ್ಕೆ. ಬಣ್ಣ ಬಳಿದ ಮಗ್ಗುಲಿಗೇ ಬೆನ್ನು ಕೊಟ್ಟು ಕೂತ.

ಮುಯೆ ಸೊಂಟದ ಕತ್ತಿ ತೆಗೆದು ಬಣ್ಣ ಕೆರೆಯತೊಡಗಿದಳು.

“ಇದು ಕೆಲಸ ಅಲ್ವಾ?” ಪೊಶ್ವೆ ಕೆಣಕಿದ.

“ಥೂ, ಮಗು ಮುಖ ತೊಳೆಯೋದನ್ನ ಕೆಲಸ ಅಂತಾರೇನೋ!”

ಕೆಂಪು ಚೂರುಗಳು ತಾಬ್ಲೆಯ ತಲೆಯ ಮೇಲೆ ಉದುರುತ್ತಿದ್ದವು. ಅವನು ಕೊಡವಿಕೊಳ್ಳಲಿಲ್ಲ.