ಎರಡು ಚರ ಬಂದಾಗ

ಮಂಗೇಶ ಸರ್ ಬೀದರಿನ ಕಾಲೇಜೊಂದರಲ್ಲಿ ಗಣಿತದ ಪ್ರೊಫೆಸರು. ತಮ್ಮ ಪ್ರಮೇಯದ ಮೇಲೆ ಅವರಿಗೆ ಎಲ್ಲಿಲ್ಲದ ಜಂಬ. ಎರಡು ಡಿಫರೆನ್ಷಿಯಲ್ ಆಪರೇಟರುಗಳಲ್ಲಿ, ಅಂದರೆ ಅವಕಲನದ ಕ್ರಿಯೆಗಳಲ್ಲಿ, ಯಾವುದನ್ನು ಮೊದಲು ಹಚ್ಚಿದರೂ ಉತ್ತರ ಒಂದೇ ಬಂದರೆ ಅವು ಹೊಂದುವ ಜೋಡಿ. ಸ್ಥಿರಾಂಕವಲ್ಲದ ಮೂರನೆಯ ಆಪರೇಟರಿಗೆ ಹೊಂದುವ ಎರಡು ಆಪರೇಟರುಗಳು ತಮ್ಮೊಳಗೂ ಹೊಂದಲೇಬೇಕು ಎಂಬುದು ಸರ್ ಅವರ ಪ್ರಮೇಯ.

ಸೆಮಿನಾರಿನಲ್ಲಿ ಅವರ ಪಿಎಚ್‌ಡಿ ವಿದ್ಯಾರ್ಥಿನಿ ಮಹಾಮಾಯಾ ಎದ್ದು ನಿಂತಳು. x ಎಂಬ ಒಂದೇ ಚರವಿದ್ದರೆ ಇದು ಸರಿ, x, y ಎಂದು ಎರಡು ಚರ ಬಂದರೆ ನಿಲ್ಲುವುದಿಲ್ಲ ಎಂದಳು. ಮುಂದೆ ಹೇಳಲು ಸರ್ ಬಿಡಲಿಲ್ಲ.

"ನಿನಗ ಯಾವ ಕೋಟಾದಾಗ ಸೀಟು ಸಿಕ್ಕದ ಅಂತ ಎಲ್ಲರಿಗೂ ಗೊತ್ತದ. ಕುಂದ್ರು."

ಕೆಲವರು ನಕ್ಕರು. ನಗದವರೂ ಅವಳ ಪರ ನಿಲ್ಲಲಿಲ್ಲ, ಅವರೇನು ನಕ್ಕವರಿಗಿಂತ ಮೇಲಲ್ಲ. ಮರುದಿನದಿಂದ ಮಹಾಮಾಯಾ ಬರಲಿಲ್ಲ. ಪಿಎಚ್‌ಡಿ ಬಿಟ್ಟಳಂತೆ ಎಂದು ಸುದ್ದಿಯೂ ಹಬ್ಬಿತು.

ಅವಳದೇ ತಪ್ಪೆಂದು ತೋರಿಸಿಬಿಡೋಣವೆಂದು ಸರ್ ಲೆಕ್ಕಕ್ಕೆ ಕೂತರು. ಕಾಗದದ ಮೇಲೆ ಒಂದು ಚುಕ್ಕೆ ಇಟ್ಟರು. ಅದನ್ನು ಬಲಕ್ಕೆ ಸರಿಸಿ, ಆಮೇಲೆ ಮೂಲಬಿಂದುವಿನ ಸುತ್ತ ತಿರುಗಿಸಿದರೆ ಒಂದು ಕಡೆ ಬಂತು. ಮೊದಲು ತಿರುಗಿಸಿ ಆಮೇಲೆ ಸರಿಸಿದರೆ ಇನ್ನೊಂದು ಕಡೆ. ಸರಿಸುವುದು, ತಿರುಗಿಸುವುದು ಎರಡೂ ಲಾಪ್ಲಾಸಿಯನ್ ಎಂಬ ಮೂರನೆಯ ಆಪರೇಟರಿಗೆ ಹೊಂದುವ ಸಮಮಿತಿಗಳೇ. ತಮ್ಮತಮ್ಮಲ್ಲಿ ಮಾತ್ರ ಹೊಂದುವುದಿಲ್ಲ. ಪ್ರಮೇಯ ಬಿತ್ತಲ್ಲ ಎಂಬ ನಾಚಿಕೆ ಸಣ್ಣದು. ಆಡಿದ ಮಾತು ನೆನಪಾದಾಗ ಹೆಂಡತಿಯ ಮುಖ ನೋಡಲೂ ಅವರಿಗೆ ಆಗಲಿಲ್ಲ.

ಔರಾದಿನಲ್ಲಿ ಬಸ್ಸು ಬದಲಿಸಿ, ಅವಳ ಊರು ಡಾಬಕಾಕ್ಕೆ ಹೋದರು. ತಾಯಿ ಸುಭದ್ರಾಬಾಯಿ ಕುರ್ಚಿ ಒರೆಸಿ ಹಾಕಿದರು. ಗುರುಗಳೇ ಮನೆಗೆ ಬಂದಾರೆಂದು ಓಣಿಗೆಲ್ಲ ಹೇಳಿ ಬಂದು, ಚಹಾ ತಂದಿಟ್ಟರು. ಮಗಳಿಗೆ ಜ್ವರ, ಅದಕ್ಕೇ ಕಾಲೇಜಿಗೆ ಬಂದಿಲ್ಲ ಎಂದರು. ಮಗಳು ಮನೆಯಲ್ಲಿ ಹೇಳಿದ್ದು ಅಷ್ಟೇ.

ತಾಯಿ ಒಳಗೆ ಹೋದಾಗ ಸರ್ ಎದುರಿಗೆ ಕೂತಿದ್ದ ಮಹಾಮಾಯಾಳಿಗೆ ದನಿ ತಗ್ಗಿಸಿ, "ನಿಂದೇ ಖರೆ ಅದ. ನಂದು ತಪ್ಪಾಗ್ಯದ" ಎಂದರು.

"ಗಣಿತದ ತಪ್ಪೇನ್ರಿ ಸರ್, ಆಡಿದ ಮಾತಿಂದಾ?" ಎಂದಳು ಮಹಾಮಾಯಾ.

ಸರ್ ಉತ್ತರ ಕೊಡುವಷ್ಟರಲ್ಲಿ ಸುಭದ್ರಾಬಾಯಿ ಬಿಸ್ಕೀಟು ಹಿಡಿದು ಬಂದರು. "ಇಕಿ ಏನರೆ ತಪ್ಪು ಮಾಡಿದ್ರ ನಾಕು ಮಂದ್ಯಾಗ ಬೈರಿ ಸರ್. ನಿಮಗ ಹಕ್ಕದ."

ಭೂಮಿ ಬಾಯಿ ಬಿಡಬಾರದೇ ಎನಿಸಿತು ಸರ್‌ಗೆ. ಮಹಾಮಾಯಾ ಅವರನ್ನೇ ನೋಡುತ್ತಿದ್ದಳು. ಸೆಮಿನಾರಿನಲ್ಲಿ ಆಡಿದ ಮಾತನ್ನು ಸರ್ ಒಂದಕ್ಷರ ಬಿಡದೆ ಆ ತಾಯಿಗೆ ಹೇಳಿ, ತಪ್ಪು ತಮ್ಮದೇ ಎಂದರು.

 ಸುಭದ್ರಾಬಾಯಿ, ಸರ್ ಇನ್ನೂ ಮುಟ್ಟದಿದ್ದ ಚಹಾದ ಕಪ್ಪನ್ನು ಎತ್ತಿಕೊಂಡು ಒಳಗೆ ಹೋದರು.

"ನಾಳಿ ಕಾಲೇಜಿಗೆ ಬರ್ತೇನ್ರಿ" ಎಂದಳು ಮಹಾಮಾಯಾ. "ಈಗ ಅವ್ವಗ ಹೇಳಿದ್ದು ಅಲ್ಲಿ ಎಲ್ಲರ ಮುಂದ ಹೇಳ್ರಿ."