ಪ್ಯಾನೆಲ್ಲಿಗೆ ಹಾಕಿದ ಆರು ಹಾರ

ಹತ್ತು ಗಂಟೆಯಾದರೂ ಬೋರಿನ ಪೈಪಿನಿಂದ ಒಂದು ಹನಿ ಬರಲಿಲ್ಲ. ಸಾರಥಿ ಎಂಬ ಊರಿನ ಮರುಳಸಿದ್ದಮ್ಮನ ಹೊಲದಲ್ಲಿ ಕರಿಬಸವರಾಜ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಬಿಸಿಲಿಗೂ ಬೈಯುತ್ತಿದ್ದ, ಮೋಟರಿಗೂ ಬೈಯುತ್ತಿದ್ದ.

ಬೈಯದೆ ಏನು ಮಾಡಿಯಾನು? ಅವತ್ತು ಪರೀಕ್ಷೆ. ಹರಿಹರದಲ್ಲಿ ಇಪ್ಪತ್ತೈದು ವರ್ಷ ಡೀಸೆಲ್ ಪಂಪು ರಿಪೇರಿ ಮಾಡಿದವನ ಅಂಗಡಿಗೆ ಈಗ ವಾರಕ್ಕೊಂದು ಎಂಜಿನ್ ಬಂದರೆ ಹೆಚ್ಚು. ದಾವಣಗೆರೆ ಪಾಲಿಕೆಯವರು ಸೋಲಾರ್ ಪಂಪು ಕೂರಿಸುವ ಕೆಲಸವನ್ನು ಮೂರು ತಿಂಗಳು ಪುಕ್ಕಟೆ ಕಲಿಸುತ್ತಾರೆಂದು ಕೇಳಿ, ಏಳನೇ ಕ್ಲಾಸಿನ ಟಿ.ಸಿ. ಹಿಡಿದು ಹೋಗಿದ್ದ. "ವಯಸ್ಸಾತು, ಬ್ಯಾಡ ಅಂದ್ರೆ ಇಲ್ಲೇ ಕೂತ್ಕಂತೀನಿ ನೋಡ್ರಿ" ಎಂದು ಬಾಗಿಲಲ್ಲೇ ಜಗಳ ತೆಗೆದಿದ್ದ. ಯಾರೂ ಹಾಗೆ ಅಂದಿರಲೇ ಇಲ್ಲ. ಕಲಿಸುವ ಮೇಡಂ ಇರಮ್, ಅವನ ಮಗಳ ವಯಸ್ಸಿನವರು, ಕುರ್ಚಿ ಎಳೆದು, "ಕೂಡ್ರಿ, ಆದ್ರೆ ಒಳಗೆ ಬಂದು ಕೂಡ್ರಿ" ಅಂದಿದ್ದರು.

ಇವತ್ತು ಮಧ್ಯಾಹ್ನದೊಳಗೆ ನೀರು ಬಂದರೆ ಸರ್ಟಿಫಿಕೇಟು, ಪಾಲಿಕೆಯ ಪಟ್ಟಿಯಲ್ಲಿ ಹೆಸರು, ಕೈತುಂಬ ಕೆಲಸ. ಬರದಿದ್ದರೆ ಮತ್ತದೇ ಖಾಲಿ ಅಂಗಡಿ.

"ಲೇ ಅಮ್ಜದ್, ವೈರು ಜೋಡಿಸಿದ್ದು ನೀನೇ ಅಲ್ವಾ? ಮದುವಿ ಪೆಂಡಾಲಿನ ಸೀರಿಯಲ್ ಲೈಟು ಅಂದ್ಕಂಡಿದೀಯಾ?"

ಜೊತೆಗೆ ಕಲಿಯುತ್ತಿದ್ದ ಅಮ್ಜದ್ ನಿಜಕ್ಕೂ ಪೆಂಡಾಲಿಗೆ ದೀಪ ಕಟ್ಟುತ್ತಿದ್ದವನು. "ಮೂರು ಸಲ ನೋಡೀನಿ ಬಸಣ್ಣ. ಎಲ್ಲಾ ಬಿಗಿ ಐತೆ. ನಿನ್ ಬಾಯಿ ಒಂದೇ ಲೂಸು."

"ನೀರು ಬರ್ಲಿಲ್ಲ ಅಂದ್ರೂ ಮಾತಿಗೇನು ಬರ ಇಲ್ಲ ಬಿಡ್ರಪ್ಪ" ಎಂದು ಮರುಳಸಿದ್ದಮ್ಮ ನಕ್ಕಳು.

ಇರಮ್ ಮೇಡಂ ಮೀಟರನ್ನು ಕರಿಬಸವರಾಜನ ಕೈಗಿಟ್ಟರು. "ಬೈಯೋದು ಆಮ್ಯಾಲೆ. ಮೊದ್ಲು ಅಳೀರಿ."

ಅಳೆದ. ಹಿಂದಿನ ದಿನ ತೋರಿಸಿದ್ದ ಕರೆಂಟಿನಲ್ಲಿ ಕಾಲುಭಾಗವೂ ಇರಲಿಲ್ಲ. ವೈರು ನೋಡಲೆಂದು ಬಗ್ಗಿದಾಗ ಅವನ ತಲೆಯ ನೆರಳು ಪ್ಯಾನೆಲ್ಲಿನ ಗಾಜಿನ ಮೇಲೆ ಬಿತ್ತು. ಅಂಕಿ ಇನ್ನೂ ಇಳಿಯಿತು. ಹಿಂದೆ ಸರಿದ, ಏರಿತು. ತಲೆಯೆತ್ತಿ ಪ್ಯಾನೆಲ್ಲುಗಳ ಮೇಲಿನ ಹಾರಗಳನ್ನು ನೋಡಿದ.

ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು ಪೂಜೆ ಮಾಡಿದ್ದು ಅವನೇ. ಪೂಜೆಯಾಗದೆ ಹೊಸ ಎಂಜಿನ್ನಿನ ಹ್ಯಾಂಡಲ್ ಮುಟ್ಟಿದವನಲ್ಲ. ಎಂಜಿನ್ನಿಗಾದರೆ ಒಂದೇ ಹಾರ. ಇಲ್ಲಿ ಆರು ಪ್ಯಾನೆಲ್. ಒಂದಕ್ಕೆ ಹಾಕಿ ಒಂದಕ್ಕೆ ಬಿಡಬಾರದೆಂದು ಆರಕ್ಕೂ ತೋಳುಗಾತ್ರದ ಚೆಂಡುಹೂವಿನ ಹಾರ ಇಳಿಬಿಟ್ಟು, ಗಾಜಿಗೆಲ್ಲ ವಿಭೂತಿ ಬಳಿದಿದ್ದ.

ಹಾರಗಳನ್ನು ತೆಗೆದ. ಮರುಳಸಿದ್ದಮ್ಮ ಮನೆಯಿಂದ ತಂದಿದ್ದ ಚೊಂಬಿನ ನೀರಲ್ಲಿ ಟವೆಲ್ ಒದ್ದೆ ಮಾಡಿ ಗಾಜು ಒರೆಸಿದ. ಮೋಟರು ಗುಂಯ್ ಎಂದಿತು. ಪೈಪು ಎರಡು ಸಲ ಕೆಮ್ಮಿ ಕೆಂಪು ನೀರು, ಆಮೇಲೆ ತಿಳಿನೀರು ಉಗುಳಿತು.

ಇರಮ್ ಮೇಡಂ ಹಾಳೆ ತೆಗೆದರು. "ದೋಷ ಏನು ಅಂತ ಬರೀಲಿ?"

ಧೂಳು ಅನ್ನಬಹುದಿತ್ತು. ಸಡಿಲ ವೈರು ಅಂದರೂ ನಡೆಯುತ್ತಿತ್ತು.

"ನನ್ ಹಾರ ಅಂತ ಬರೀರಿ. ಅಮ್ಜದಂದು ಏನೂ ತಪ್ಪಿಲ್ಲ ಅಂತನೂ ಬರೀರಿ. ದೊಡ್ಡದಾಗಿ."

"ಪಾಸು. ದೋಷ ಹುಡುಕೋದೇ ಪರೀಕ್ಷೆ. ಬಂದ ಕೂಡ್ಲೇ ನಾನು ಹಾರ ನೋಡಿದ್ದೆ."

"ನೋಡಿನೂ ಸುಮ್ನಿದ್ರಾ?"

ಸಿಟ್ಟು ನೆತ್ತಿಗೇರಿತು, ಅಷ್ಟೇ ಬೇಗ ಇಳಿಯಿತು. ಅವನಿಗೆ ಎಂಜಿನ್ ಕೆಲಸ ಕಲಿಸಿದ ಮೇಸ್ತ್ರಿ ತಪ್ಪು ಮಾಡಿದರೆ ಸ್ಪ್ಯಾನರಿನಲ್ಲೇ ಹೊಡೆಯುತ್ತಿದ್ದ. ಈಕೆ ಮೀಟರು ಕೊಟ್ಟು ಕಾದಿದ್ದರು. ಈ ವಯಸ್ಸಿನಲ್ಲಿ ತನಗಾಗಿ ಅಷ್ಟು ಹೊತ್ತು ಕಾಯುವವರು ಸಿಕ್ಕರಲ್ಲ ಎಂದುಕೊಂಡ.

ಮರುಳಸಿದ್ದಮ್ಮನ ಚೊಂಬನ್ನು ತಿಳಿನೀರಿನಿಂದ ತುಂಬಿ, ಎರಡೂ ಕೈಯಲ್ಲಿ ಹಿಡಿದು ಮೇಡಂ ಮುಂದೆ ನಿಂತ. "ಕುಡೀರಿ. ನಂಗೆ ಥ್ಯಾಂಕ್ಸ್ ಅನ್ನಾಕೆ ಬರಲ್ಲ."

ಅವರು ಕುಡಿದರು.

"ನಂಗೆ?" ಎಂದ ಅಮ್ಜದ್.

"ಬಾರಲೇ" ಎಂದು ಕರಿಬಸವರಾಜ ಬಾಗಿ ನೆಲದಿಂದ ಹಾರ ಎತ್ತಿಕೊಂಡ. "ನಿಂಗೆ ಆರೂ ಹಾರ ಅದಾವೆ."